ಕೇಳೋಕೇ ನಾಚಿಕೆಪಟ್ಟರೆ ಹೇಗೆ ಡಾಕ್ಟ್ರೇ?

ದಾವಣಗೆರೆಯ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾಗಿದ್ದು 1965ರಲ್ಲಿ. ಇಷ್ಟು ವರ್ಷಗಳಲ್ಲಿ ಎಷ್ಟೋ ಬ್ಯಾಚುಗಳು ಬಾಪೂಜಿ, ಚಿಗಟೇರಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಕಲಿತು ಹೋಗಿವೆ. ಎದೆಬಡಿತ ಕೇಳೋದು, ಬಿಪಿ ನೋಡೋದು ಎಲ್ಲರಿಗೂ ಖುಷಿ. ಮೂತ್ರದ ಕಾಯಿಲೆ, ಜನನಾಂಗದ ಕಾಯಿಲೆ ಅಂತ ಬಂದಾಗ ಮಾತ್ರ ದನಿ ಇಳಿಯುತ್ತದೆ. ರೋಗಿಯದೂ ಇಳಿಯುತ್ತದೆ, ಕಲಿಯುವವರದೂ ಇಳಿಯುತ್ತದೆ. ಔಷಧಿಗಳ ಹೆಸರನ್ನು ಹೇಗೋ ಬಾಯಿಪಾಠ ಮಾಡಬಹುದು. ಕಷ್ಟ ಇರೋದು ರೋಗಿ ಒಂದು ಜಾಗ ತೋರಿಸಿದಾಗ ಕಾಯಿಲೆ ಇನ್ನೊಂದು ಕಡೆ ಇರಬಹುದು ಅಂತ ಅನುಮಾನ ಪಡೋದರಲ್ಲಿ, ಆಮೇಲೆ ಅದನ್ನು ಬಾಯಿಬಿಟ್ಟು ಕೇಳೋದರಲ್ಲಿ.

ಹದಿನಾಲ್ಕರ ಹುಡುಗನೊಬ್ಬ ಬೆಳಗಿನ ಜಾವ ಹೊಟ್ಟೆ ಹಿಡಿದುಕೊಂಡು ಬಂದ ಅಂದುಕೊಳ್ಳಿ. ವಾಂತಿಯೂ ಆಗಿದೆ. "ರಾತ್ರಿ ಮಿರ್ಚಿ ಮಂಡಕ್ಕಿ ತಿಂದಾನ್ರಿ, ಅದಕ್ಕೇ" ಅಂತಾರೆ ಅಮ್ಮ. ಹುಡುಗ ತಲೆ ಎತ್ತುವುದಿಲ್ಲ. ಇಲ್ಲಿ ಗ್ಯಾಸಿನ ಮಾತ್ರೆ ಬರೆದು ಕಳಿಸಿದರೆ ಮುಗೀತು. ಯಾಕೆಂದರೆ ಇದು ವೃಷಣ ತಿರುಚಿಕೊಂಡಿರೋ ಕೇಸ್ ಇರಬಹುದು. ಜನ ಬೀಜ ಅಂತಾರಲ್ಲ, ಅದು ತನ್ನ ನಾಳದ ಮೇಲೆ ತಾನೇ ಸುತ್ತಿಕೊಂಡು ರಕ್ತ ಬರೋ ದಾರಿಯನ್ನೇ ಮುಚ್ಚಿಬಿಡುತ್ತದೆ. ಸುಮಾರು 6 ಗಂಟೆಯೊಳಗೆ ಆಪರೇಷನ್ ಮಾಡಿ ಬಿಡಿಸಿದರೆ ಹೆಚ್ಚಿನ ಸಲ ಉಳಿಯುತ್ತದೆ, ತಡವಾದಷ್ಟೂ ಆಸೆ ಕಮ್ಮಿ.

ಹಾಗಾದರೆ ಹೊಟ್ಟೆ ಯಾಕೆ ನೋಯಬೇಕು? ಮಗು ತಾಯಿಯ ಗರ್ಭದಲ್ಲಿದ್ದಾಗ ವೃಷಣಗಳು ಮೊದಲು ಮೂಡೋದು ಅದರ ಹೊಟ್ಟೆಯೊಳಗೆ, ಕಿಡ್ನಿಯ ಹತ್ತಿರ. ಆಮೇಲೆ ಕೆಳಗಿಳಿಯುವಾಗ ತಮ್ಮ ರಕ್ತನಾಳ, ನರಗಳನ್ನು ಜೊತೆಗೇ ಎಳೆದುಕೊಂಡು ಬರುತ್ತವೆ. ಅದಕ್ಕೇ ಕೆಳಗೆ ಆದ ನೋವು ಹೊಟ್ಟೆಯಲ್ಲಿ ಆದಂತೆ ಮಿದುಳಿಗೆ ಅನಿಸುತ್ತದೆ. ನರವೂ ದಾರಿ ತಪ್ಪಿಸುತ್ತದೆ, ನಾಚಿಕೆಯೂ ದಾರಿ ತಪ್ಪಿಸುತ್ತದೆ. ಹಾಗಾಗಿ ಹೊಟ್ಟೆ ನೋವು ಅಂತ ಬಂದ ಹುಡುಗನಿಗೆ ವಿಷಯ ತಿಳಿಸಿ, ಒಪ್ಪಿಗೆ ಕೇಳಿ, ಪರದೆ ಎಳೆದು, ಕೆಳಗೂ ಪರೀಕ್ಷೆ ಮಾಡಲೇಬೇಕು. ತೊಡೆಯ ಒಳಭಾಗವನ್ನು ಮೆಲ್ಲಗೆ ಸವರಿದರೆ ಆ ಕಡೆಯ ವೃಷಣ ಮೇಲಕ್ಕೆ ಸರಿಯುತ್ತದೆ. ತಿರುಚಿಕೊಂಡಿದ್ದರೆ ಸಾಮಾನ್ಯವಾಗಿ ಸರಿಯುವುದಿಲ್ಲ. ಕಾಸು ಖರ್ಚಿಲ್ಲದ ಪರೀಕ್ಷೆ ಇದು, ಆದರೆ ಇದೊಂದನ್ನೇ ನಂಬಿ ಕೂರೋ ಹಾಗಿಲ್ಲ.

ಜಗಳೂರು ಕಡೆಯಿಂದ ಬಂದ ಅಜ್ಜ "ಸೊಂಟ ಹಿಡ್ಕಂಡೈತ್ರಿ" ಅಂತಾರೆ. ರಾತ್ರಿ ಒಂದಕ್ಕೆ ಎಷ್ಟು ಸಲ ಏಳ್ತೀರಿ, ಧಾರೆ ಸಣ್ಣಗಾಗಿದೆಯಾ, ತಿಣುಕಬೇಕಾ, ಹೋಗಿ ಬಂದಮೇಲೂ ಇನ್ನೂ ಇದೆ ಅನಿಸುತ್ತಾ ಅಂತ ಕೇಳಿದರೆ ಬೇರೆಯದೇ ಕಥೆ ಹೊರಗೆ ಬರಬಹುದು. ಗಂಡಸರ ಮೂತ್ರಕೋಶದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿಗೆಂದೇ ಇಂಥ 7 ಪ್ರಶ್ನೆಗಳಿವೆ, ಒಟ್ಟು 35 ಅಂಕ. ವಯಸ್ಸಾದಂತೆ ಈ ಗ್ರಂಥಿ ದಪ್ಪಗಾಗೋದು ಮಾಮೂಲಿ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದಾಗಲೂ ಸೊಂಟ ನೋಯುತ್ತದೆ. ಅದಕ್ಕೇ ಗುದದ್ವಾರದಲ್ಲಿ ಬೆರಳಿಟ್ಟು ನೋಡಬೇಕು. ಸುಮ್ನೆ ದಪ್ಪಗಾದ ಗ್ರಂಥಿ ನುಣುಪಾಗಿ, ರಬ್ಬರಿನ ಹಾಗೆ ಸಿಗುತ್ತದೆ. ಗಟ್ಟಿಯಾಗಿ, ಗಂಟುಗಂಟಾಗಿ ಸಿಕ್ಕರೆ ಕ್ಯಾನ್ಸರ್ ಅನುಮಾನ. ಇದನ್ನು ಮೊದಲು ಗೊಂಬೆಯ ಮೇಲೆ ಕಲಿಸುತ್ತಾರೆ, ಒಳ್ಳೆಯದೇ. ಆದರೆ ಗೊಂಬೆ ಮುಜುಗರಪಡೋದಿಲ್ಲ ಅಲ್ವಾ?

ಹೆಂಗಸರ ವಿಷಯದಲ್ಲಿ ಉರಿಮೂತ್ರ ಜಾಸ್ತಿ. ಅವರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಗಂಡಸರದು ಹತ್ತಿರ ಹತ್ತಿರ 20. ಕರುಳಿನಲ್ಲಿರೋ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಮೂತ್ರಕೋಶ ಮುಟ್ಟೋಕೆ ಅಷ್ಟು ಸಾಕು. ಲ್ಯಾಬಿಗೆ ಕೊಡೋ ಸ್ಯಾಂಪಲ್ ಮೊದಲ ಧಾರೆಯದಾಗಿರಬಾರದು, ನಡುವಿನದಾಗಿರಬೇಕು. ಇದನ್ನು ಹೇಳಿಕೊಡೋಕೂ ಸಂಕೋಚಪಟ್ಟು ಡಬ್ಬಿ ಮಾತ್ರ ಕೈಗೆ ಕೊಟ್ಟರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಕೂಡ ಸೇರಿಕೊಂಡು ರಿಪೋರ್ಟೇ ಕೆಡುತ್ತದೆ. ಇನ್ನೊಂದು ಮಾತು. ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಇದೆ, ಆದರೆ ಉರಿ ಇಲ್ಲ, ಜ್ವರ ಇಲ್ಲ, ಏನೂ ತೊಂದರೆ ಇಲ್ಲ ಅಂದರೆ ಹೆಚ್ಚಿನವರಿಗೆ ಆ್ಯಂಟಿಬಯಾಟಿಕ್ ಬೇಡವೇ ಬೇಡ. ಬಸುರಿಯರಿಗೆ ಮಾತ್ರ ಕೊಡಲೇಬೇಕು, ಮೂತ್ರನಾಳದ ಕೆಲವು ಆಪರೇಷನ್ನಿಗೆ ಮುಂಚೆಯೂ ಬೇಕು. ಮಾತ್ರೆ ಬರೆಯದೆ ಕಳಿಸೋದನ್ನು ಕಲಿಯೋಕೆ ನನ್ನ ಪ್ರಕಾರ ಬರೆಯೋದಕ್ಕಿಂತ ಜಾಸ್ತಿ ಧೈರ್ಯ ಬೇಕು.

ಲೈಂಗಿಕ ಸೋಂಕಿಗೆ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕಿನಲ್ಲಿ ಬಣ್ಣಬಣ್ಣದ ಔಷಧಿ ಕಿಟ್‌ಗಳಿವೆ. ಗಂಡಸಿಗೆ ಮೂತ್ರನಾಳದಿಂದ ಕೀವು ಬರುತ್ತಿದ್ದರೆ ಬೂದು ಬಣ್ಣದ್ದು, ಹರ್ಪಿಸ್ ಹುಣ್ಣಿಗೆ ಕೆಂಪು. ಲಕ್ಷಣ ನೋಡಿ ಅವತ್ತೇ ಔಷಧಿ ಕೊಡಬಹುದು, ರೋಗಿ ಮತ್ತೆ ಬರದೇ ಹೋದರೂ ಚಿಕಿತ್ಸೆ ಸಿಕ್ಕಿರುತ್ತದೆ. ಬಣ್ಣ ನೆನಪಿಡೋದು ಸುಲಭ. ಆದರೆ ಕೀವಿನ ತೊಂದರೆ ಅಂತ ಬಂದವನು ಒಬ್ಬನೇ ಔಷಧಿ ನುಂಗಿ ಮನೆಗೆ ಹೋದರೆ ಸೋಂಕು ಹೆಂಡತಿಯಿಂದ ಅವನಿಗೇ ವಾಪಸ್ ಬರಬಹುದು. ಅವಳಿಗೂ ಔಷಧಿ ಆಗಬೇಕು. ಅದಕ್ಕೆ ಮೆಡಿಕಲ್ ಓದೋ ಇಪ್ಪತ್ತೆರಡರ ಹುಡುಗಿಯೊಬ್ಬಳು ತನ್ನ ತಂದೆಯ ವಯಸ್ಸಿನ ಮನುಷ್ಯನನ್ನು ಎದುರು ಕೂರಿಸಿಕೊಂಡು, ಬೈಯದೆ, ನಗದೆ, "ಹೊರಗಡೆ ಯಾರ ಜೊತೆಗಾದರೂ ಸಂಬಂಧ ಇತ್ತಾ? ಮನೆಯವರನ್ನು ಯಾವತ್ತು ಕರ್ಕೊಂಡು ಬರ್ತೀರಿ?" ಅಂತ ಕೇಳೋಕೆ ಕಲಿಯಬೇಕು, ಅವನು ಉತ್ತರ ಕೊಡೋವರೆಗೂ ಕಾಯಬೇಕು.