ಒಂದು ಸುತ್ತು ಸಾಲದು

ಎಲೆಕ್ಟ್ರಾನು ಬುಗುರಿಯಂತೆ ಗಿರಗಿರನೆ ತಿರುಗುತ್ತದೆ, ಅದೇ ಸ್ಪಿನ್ ಎಂಬ ವಿವರಣೆ ಇನ್ನೂ ಚಲಾವಣೆಯಲ್ಲಿದೆ. 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್ಸ್‌ಮಿಟ್ ಸ್ಪಿನ್ ಕಲ್ಪನೆಯನ್ನು ಮುಂದಿಟ್ಟಾಗಲೇ ಹಿರಿಯ ಭೌತವಿಜ್ಞಾನಿ ಲೊರೆಂಟ್ಸ್ ಲೆಕ್ಕ ಹಾಕಿ ಎಚ್ಚರಿಸಿದ್ದರು: ಹಾಗೆ ತಿರುಗಬೇಕಾದರೆ ಎಲೆಕ್ಟ್ರಾನಿನ ಮೇಲ್ಮೈ ಬೆಳಕನ್ನೂ ಮೀರಿ ಓಡಬೇಕು! ಬುಗುರಿಯನ್ನು ಇಲ್ಲಿಗೇ ಬಿಡೋಣ. ಸ್ಪಿನ್ ಎಂದರೆ ಕಣಕ್ಕೆ ಸ್ವಭಾವದಿಂದಲೇ ಇರುವ ಕೋನೀಯ ಸಂವೇಗ. ನಿಜ ಸಂಗತಿ ಅದಕ್ಕಿಂತ ಎಷ್ಟೋ ಸೊಗಸಾಗಿದೆ.

ಕ್ವಾಂಟಮ್ ಸ್ಥಿತಿಯೊಂದನ್ನು ಇಡಿಯಾಗಿ −1ರಿಂದ ಗುಣಿಸಿದರೂ ಯಾವ ಅಳತೆಯ ಫಲಿತಾಂಶವೂ ಬದಲಾಗುವುದಿಲ್ಲ. ಈ ಸಣ್ಣ ಸಡಿಲಿಕೆಯೇ ಎಲ್ಲದರ ಮೂಲ. ತಿರುಗಿಸುವ ಪ್ರತಿ ಕ್ರಿಯೆಗೂ ಒಂದು ಮಾತೃಕೆ (ಮೇಟ್ರಿಕ್ಸ್, ಸಾಲು-ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳು) ಇಡುತ್ತೇವೆ. ಎರಡು ಸಲ ತಿರುಗಿಸಿದ್ದು ಮೂರನೆಯ ಒಂದು ತಿರುವಿಗೆ ಸಮನಾದರೆ, ಮೊದಲೆರಡರ ಮಾತೃಕೆಗಳ ಗುಣಲಬ್ಧವೂ ಮೂರನೆಯದಕ್ಕೆ ಹೊಂದಬೇಕು. ಆದರೆ ಚಿಹ್ನೆ ತಪ್ಪಿದರೆ ಪ್ರಕೃತಿಯ ತಕರಾರಿಲ್ಲ. ಇಲ್ಲಿ ಕಟ್ಟುನಿಟ್ಟು ಮಾಡಿದ್ದರೆ ಪೂರ್ಣಾಂಕದ ಸ್ಪಿನ್‌ಗಳಷ್ಟೇ ಉಳಿಯುತ್ತಿದ್ದವು. ಅರ್ಧ ಸ್ಪಿನ್ನಿನ ಎಲೆಕ್ಟ್ರಾನಿಗೆ ಜಾಗವೇ ಇರುತ್ತಿರಲಿಲ್ಲ.

ಎಲೆಕ್ಟ್ರಾನಿನ ಸ್ಪಿನ್ ಸ್ಥಿತಿಗೆ ಎರಡೇ ಘಟಕ, ‘ಮೇಲೆ’ ಮತ್ತು ‘ಕೆಳಗೆ’. ಮೇಲೆ-ಕೆಳಗಿನ ಅಕ್ಷದ ಸುತ್ತ 90 ಡಿಗ್ರಿ ತಿರುಗಿಸಿದಾಗ ಒಂದರ ಫೇಸ್ (ಅಲೆಯ ಏರಿಳಿತದಲ್ಲಿ ಅದು ಇರುವ ಹಂತ) 45 ಡಿಗ್ರಿ ಹಿಂದೆ, ಇನ್ನೊಂದರದು 45 ಡಿಗ್ರಿ ಮುಂದೆ ಸರಿಯುತ್ತದೆ. ಎರಡರ ನಡುವಿನ ಅಂತರ 90. ಸ್ಪಿನ್ನಿನ ದಿಕ್ಕು ತಿರುಗುವುದೂ ಅಷ್ಟೇ. ಪೂರ್ತಿ 360 ತಿರುಗಿಸಿ: ಒಂದು 180 ಹಿಂದೆ, ಇನ್ನೊಂದು 180 ಮುಂದೆ. ದಿಕ್ಕು ಮೊದಲಿನದೇ, ಆದರೆ ಎರಡು ಘಟಕಗಳೂ −1ರಿಂದ ಗುಣಿಸಿಕೊಂಡಿವೆ. ಮೊದಲಿನ ಸ್ಥಿತಿಯೇ ಚಿಹ್ನೆಸಮೇತ ಮರಳಬೇಕಾದರೆ 720 ಡಿಗ್ರಿ ಬೇಕು.

ತಿರುಗಿಸುವಿಕೆಯಂಥ ಸಮ್ಮಿತಿಗಳನ್ನು ಹೀಗೆ ಮಾತೃಕೆಗಳಲ್ಲಿ ನಿರೂಪಿಸುವ ಕೆಲಸಕ್ಕೆ ಭದ್ರ ತಳಹದಿ ಹಾಕಿದವರು ವೈಲ್ ಮತ್ತು ವಿಗ್ನರ್. ಮುಂದೆ ಇದೇ ದಾರಿಯಲ್ಲಿ ಬಹುದೂರ ಹೋದವರು ಕಾನ್ಪುರದ ಹರೀಶ್‌ಚಂದ್ರ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ) ಹೋಮಿ ಭಾಭಾ ಅವರೊಡನೆ ಭೌತವಿಜ್ಞಾನ ಮಾಡಿ, ಕೇಂಬ್ರಿಜ್‌ಗೆ ಹೋಗಿ, ಭೌತವಿಜ್ಞಾನಿ ಡಿರಾಕ್ ಬಳಿ ಲೊರೆಂಟ್ಸ್ ಗುಂಪಿನ (ಸಾಪೇಕ್ಷತೆಯ ಸಮ್ಮಿತಿಗಳ ಕೂಟದ) ಅನಂತ ಆಯಾಮದ ನಿರೂಪಣೆಗಳ ಮೇಲೆ ಪ್ರಬಂಧ ಬರೆದರು. ಆಮೇಲೆ ಗಣಿತವನ್ನೇ ಹಿಡಿದರು. ನಮ್ಮೂರಿನ ಮಕ್ಕಳಿಗೆ ಈ ಹೆಸರು ಗೊತ್ತಿರಲೇಬೇಕು.

ಕಣ್ಣಿಗೆ ಕಾಣದ ಚಿಹ್ನೆ ಬರೀ ಕಾಗದದ ಲೆಕ್ಕವೇ? ಅಲ್ಲ. ನ್ಯೂಟ್ರಾನಿನ ಸ್ಪಿನ್ನೂ ಎಲೆಕ್ಟ್ರಾನಿನಂತೆ ಅರ್ಧವೇ. 1975ರಲ್ಲಿ ಗ್ರೆನೋಬಲ್‌ನಲ್ಲಿ ರೌಖ್ ತಂಡ, ಅಮೆರಿಕದಲ್ಲಿ ವರ್ನರ್ ತಂಡ ನ್ಯೂಟ್ರಾನ್ ಕಿರಣವನ್ನು ಸಿಲಿಕಾನ್ ಹರಳಿನಲ್ಲಿ ಎರಡಾಗಿ ಸೀಳಿದವು. ಒಂದು ಕವಲಿನಲ್ಲಿ ಮಾತ್ರ ಕಾಂತಕ್ಷೇತ್ರವಿಟ್ಟು ಸ್ಪಿನ್ ತಿರುಗಿಸಿ, ಮತ್ತೆ ಎರಡನ್ನೂ ಕೂಡಿಸಿದವು. ಒಂದೇ ಕವಲಿನ ಚಿಹ್ನೆ ಬದಲಾದರೆ ಅದು ಅಡಗಿ ಕೂರಲಾರದು. ಕ್ಷೇತ್ರವನ್ನು ಬದಲಿಸುತ್ತ ಹೋದಂತೆ ಹೊರಬಿದ್ದ ನ್ಯೂಟ್ರಾನ್‌ಗಳ ಎಣಿಕೆ ಏರಿತು, ಇಳಿಯಿತು. ಆ ಏರಿಳಿತ ಮರುಕಳಿಸಿದ್ದು 360 ಡಿಗ್ರಿಗಲ್ಲ, ಪ್ರಯೋಗದ ಅನಿಶ್ಚಿತತೆಯೊಳಗೆ 720ಕ್ಕೆ.