ಕಾಳಿಗೆ ಕಲ್ಲು ನಿಂತಿತು, ಪಾತರಗಿತ್ತಿಗೆ ಲೆಕ್ಕವೂ ಇಲ್ಲ

ದೀಪಾವಳಿಯ ಆಸುಪಾಸಿನಲ್ಲಿ ಹಾವೇರಿ ಜಿಲ್ಲೆಯ ಊರುಗಳಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಗಳಲ್ಲಿ ಹೆಸರು ಮಾಡಿದ ಹೋರಿಯೊಂದು ಸತ್ತರೆ, ಅದರ ಅಂತ್ಯಸಂಸ್ಕಾರ ಮನೆಯ ಹಿರಿಯರ ಸಂಸ್ಕಾರಕ್ಕಿಂತ ಕಡಿಮೆಯೇನೂ ಇರುವುದಿಲ್ಲ. ಹಾರ ಹಾಕಿ ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡುತ್ತಾರೆ, ಮುಂದೆ ಭಜನೆಯವರಿರುತ್ತಾರೆ, ಯಜಮಾನನ ಹೊಲದಲ್ಲಿಯೇ ಕುಣಿ ತೋಡಿ ಅರಿಷಿಣ, ಕುಂಕುಮ, ವಿಭೂತಿ ಇಟ್ಟು ಮಣ್ಣು ಮಾಡುತ್ತಾರೆ. ಊರ ಮುಂದೆ ಕಟ್ಟಿದ ಫ್ಲೆಕ್ಸಿನಲ್ಲಿ, ಕೊಬ್ಬರಿ ಮಾಲೆ ಹೊತ್ತು ಓಡುತ್ತಿರುವ ಅದರ ಚಿತ್ರದ ಕೆಳಗೆ, ‘ಮತ್ತೆ ಹುಟ್ಟಿ ಬಾ’ ಎಂದು ಬರೆದಿರುತ್ತದೆ. ಇದನ್ನು ಈಚಿನವರ ಗೀಳು ಎಂದು ಮೂಗು ಮುರಿಯುವವರು ಶಾಸನಗಳನ್ನು ಒಮ್ಮೆ ನೋಡಬೇಕು.

ಕ್ರಿ.ಶ. 949-50ರ ಆತಕೂರು ಶಾಸನ ಇಂದಿನ ಮಂಡ್ಯ ಜಿಲ್ಲೆಯದಾದರೂ ಅದರ ಒಂದು ತುದಿ ನಮ್ಮ ಗದಗ ಸೀಮೆಯಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಲು ನೆರವಾದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣನು ಬನವಾಸಿಯ ಜೊತೆಗೆ ಬೆಳ್ವೊಲ ಮುನ್ನೂರು ಮತ್ತು ಪುರಿಗೆರೆ ಮುನ್ನೂರು, ಅಂದರೆ ಇಂದಿನ ಗದಗ, ಅಣ್ಣಿಗೇರಿ, ಲಕ್ಷ್ಮೇಶ್ವರಗಳ ಸುತ್ತಿನ ನಾಡನ್ನು ಮೆಚ್ಚಿ ಕೊಟ್ಟನು. ಬೂತುಗನು ತನ್ನ ಕಡೆಯ ವೀರ ಮಣಲೇರನಿಗೆ ಬೇಕಾದ್ದನ್ನು ಬೇಡು ಎಂದಾಗ ಆತ ನೆಲ ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಕಾಳಿ ದೊಡ್ಡದೊಂದು ಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರನ ಮುಂದೆ ಅದಕ್ಕೊಂದು ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆಂಬ ಎಚ್ಚರಿಕೆಯೂ ಶಾಸನಕ್ಕೆ ಸೇರಿತು. ರಾಜ್ಯಗಳ ಹಂಚಿಕೆಯೂ ನಾಯಿಯ ಸಾವೂ ಒಂದೇ ಕಲ್ಲಿನ ಮೇಲಿರುವುದು ಇಲ್ಲಿನ ವಿಶೇಷ. ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸಾಕಿದ ಪ್ರಾಣಿಗೆ ಪರಲೋಕದಲ್ಲಿ ಜಾಗವಿದೆಯೇ ಎಂಬ ಪ್ರಶ್ನೆಯೂ ಹೊಸದಲ್ಲ. ಮಹಾಭಾರತದ ಕೊನೆಯಲ್ಲಿ ಧರ್ಮರಾಯನು ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದು ಹಟ ಹಿಡಿಯುತ್ತಾನೆ. ಕೋಳಿವಾಡದ ಕುಮಾರವ್ಯಾಸ ಹತ್ತೇ ಪರ್ವಗಳಿಗೆ ಬರೆಹ ನಿಲ್ಲಿಸಿದ್ದರಿಂದ ಆ ನಾಯಿ ನಮ್ಮ ಗದುಗಿನ ಭಾರತದೊಳಗೆ ಬರಲೇ ಇಲ್ಲ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಬೇಕಾಯಿತು.

ಹೋರಿಗೂ ಕಾಳಿಗೂ ಹೆಸರಿತ್ತು, ಒಡೆಯನಿದ್ದ, ಸತ್ತ ದಿನ ಗೊತ್ತಿತ್ತು. ಪಾತರಗಿತ್ತಿಗೆ ಇವು ಯಾವುವೂ ಇಲ್ಲ. ಬಹುಪಾಲು ಚಿಟ್ಟೆಗಳು ರೆಕ್ಕೆ ಬಂದ ಮೇಲೆ ಬದುಕುವುದು ಕೆಲವೇ ವಾರ, ಆದ್ದರಿಂದ ಒಂದು ಚಿಟ್ಟೆಯ ಸಾವು ಸುದ್ದಿಯಲ್ಲ. ಅದು ಇಟ್ಟ ಮೊಟ್ಟೆಯಿಂದ ಹೊರಬಿದ್ದ ಹುಳುವಿಗೆ ತಿನ್ನುವ ಎಲೆ ಸಿಕ್ಕಿತೇ ಎಂಬುದೊಂದೇ ಮುಖ್ಯ. ಎಣಿಸದೆ ಈ ನಷ್ಟ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ 1976ರಿಂದ ವರ್ಷವರ್ಷವೂ ಚಿಟ್ಟೆಗಳನ್ನು ಎಣಿಸುತ್ತಿದ್ದಾರೆ. ಅಮೆರಿಕದಲ್ಲಿ 2000ದಿಂದ 2020ರೊಳಗೆ ಚಿಟ್ಟೆಗಳ ಒಟ್ಟು ಸಂಖ್ಯೆ ಶೇ 22ರಷ್ಟು ಕುಸಿದದ್ದು ಅಂಥ ಎಣಿಕೆಗಳಿಂದಲೇ ತಿಳಿಯಿತು. ನಮ್ಮ ನೆರೆಯ ಉತ್ತರ ಕನ್ನಡದಲ್ಲಿ ಡೇವಿಡ್‌ಸನ್, ಬೆಲ್, ಐಟ್ಕನ್ ಎಂಬ ಮೂವರು ಬ್ರಿಟಿಷ್ ಅಧಿಕಾರಿಗಳು 1890ರ ದಶಕದಲ್ಲಿ ಹುಳುಗಳನ್ನು ಸಾಕಿ, ಯಾವುದು ಯಾವ ಎಲೆ ತಿನ್ನುತ್ತದೆಂದು ಬರೆದಿಟ್ಟಿದ್ದರು. ಇವತ್ತಿಗೂ ಉಪಯೋಗಕ್ಕೆ ಬರುವ ಕೆಲಸವದು.

ಆ ಎಲೆಗಳು ಹೊಲದಿಂದ ಹೇಗೆ ಹೋದವು ಎಂಬ ಕಥೆಯಲ್ಲಿ ಧಾರವಾಡಕ್ಕೆ ದೊಡ್ಡ ಪಾತ್ರವಿದೆ. ಎರೆ ಭೂಮಿಯಲ್ಲಿ ಜಯಧರದಂಥ ದೇಸಿ ಹತ್ತಿ ಬೆಳೆಯುತ್ತಿದ್ದ ಕಾಲಕ್ಕೆ ಔಷಧ ಹೊಡೆಯುವ ಪದ್ಧತಿ ಕಡಿಮೆಯಿತ್ತು. 1972ರಲ್ಲಿ ಇಲ್ಲಿಯ ವಿಜ್ಞಾನಿ ಬಿ.ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಬಂದಿತು, 1980ರ ದಶಕದ ಆರಂಭದಲ್ಲಿ ಡಿಸಿಎಚ್-32 ಎಂಬ ಇನ್ನೊಂದು ಹೈಬ್ರಿಡ್ ಬಂದಿತು. ಉದ್ದ ಎಳೆ, ಒಳ್ಳೆಯ ಇಳುವರಿ, ಒಳ್ಳೆಯ ದರ, ಅದರ ಜೊತೆಗೇ ಕಾಯಿಕೊರಕ. ಒಂದು ಕಾಲಕ್ಕೆ ದೇಶದ ಸಾಗುವಳಿಯ ಸುಮಾರು ಶೇ 5ರಷ್ಟು ನೆಲದಲ್ಲಿದ್ದ ಹತ್ತಿಯೇ ಕೀಟನಾಶಕದ ಹೆಚ್ಚುಕಡಿಮೆ ಅರ್ಧವನ್ನು ಕುಡಿಯುತ್ತಿತ್ತು. 2002ರಲ್ಲಿ ಬಂದ, ಕಾಯಿಕೊರಕಕ್ಕೆ ವಿಷವನ್ನು ಗಿಡವೇ ತಯಾರಿಸುವ ಕುಲಾಂತರಿ ಬಿಟಿ ಹತ್ತಿಯನ್ನು ಚಿಟ್ಟೆಗಳ ಶತ್ರುವೆಂದು ದೂರುವುದು ವಾಡಿಕೆ. ನನಗೆ ಅದು ಪೂರ್ಣ ಸರಿ ಎನಿಸುವುದಿಲ್ಲ, ಏಕೆಂದರೆ ಅದರ ವಿಷ ಆ ಗಿಡವನ್ನು ತಿಂದ ಹುಳುವಿಗೆ ತಟ್ಟುವಂಥದು, ನಮ್ಮ ಚಿಟ್ಟೆಗಳಲ್ಲಿ ಹೆಚ್ಚಿನವು ಹತ್ತಿ ಎಲೆಯ ಗೊಡವೆಗೆ ಹೋಗುವುದಿಲ್ಲ. ದೊಡ್ಡ ಪೆಟ್ಟು ಕೊಟ್ಟದ್ದು ಕಳೆನಾಶಕ. ಆಳು ಸಿಗದೆ, ಎಡೆಕುಂಟೆ ಹೊಡೆಯಲು ಎತ್ತಿಲ್ಲದೆ, ಗೋವಿನಜೋಳದ ಹೊಲಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಕಳೆ ಸುಡುವುದು ರೂಢಿಯಾಯಿತು.

ಈ ಬದಲಾವಣೆಯಲ್ಲಿ ಯಾರು ಉಳಿದರು, ಯಾರು ಹೋದರು ಎಂಬುದನ್ನು ಎರಡು ಚಿಟ್ಟೆಗಳಲ್ಲಿ ನೋಡಬಹುದು. ಪ್ಲೇನ್ ಟೈಗರ್ ಎಂಬ ಕೇಸರಿ ಚಿಟ್ಟೆ ಎಕ್ಕಿ ಎಲೆಯ ಕೆಳಗೆ ಒಂದೊಂದೇ ಮೊಟ್ಟೆ ಇಡುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆಗಳ ಅದರ ಹುಳು ಎಕ್ಕಿಯ ವಿಷವನ್ನೇ ಮೈಗೂಡಿಸಿಕೊಂಡು ಹಕ್ಕಿಗಳಿಗೆ ಬೇಡವಾಗುತ್ತದೆ. ಎಕ್ಕಿಯನ್ನು ದನ ಮುಟ್ಟುವುದಿಲ್ಲ, ಶನಿವಾರ ಹನುಮಪ್ಪನ ಹಾರಕ್ಕೆ ಅದರ ಎಲೆ ಬೇಕು, ರಸ್ತೆ ಪಕ್ಕದಲ್ಲಿಯೂ ಅದು ಬೆಳೆಯುತ್ತದೆ. ಹಾಗಾಗಿ ಈ ಚಿಟ್ಟೆ ಹುಬ್ಬಳ್ಳಿಯ ಖಾಲಿ ಸೈಟುಗಳಲ್ಲೂ ಕಾಣುತ್ತದೆ. ಡೆನೈಡ್ ಎಗ್‌ಫ್ಲೈ ಎಂಬ ಇನ್ನೊಂದರ ಹೆಣ್ಣು ಹಕ್ಕಿಗಳನ್ನು ವಂಚಿಸಲು ಇದೇ ಕೇಸರಿ ವೇಷ ತೊಟ್ಟಿದೆ, ಆದರೆ ಅದರ ಹುಳುವಿಗೆ ಬೇಕಾದದ್ದು ನೆಲಕ್ಕೆ ಹರಡುವ ಗೋಣಿಸೊಪ್ಪು. ಕಳೆನಾಶಕದ ಮುಂದೆ ವೇಷ ನಡೆಯುವುದಿಲ್ಲ.

ವರಲಕ್ಷ್ಮಿ ಬಂದ 1972ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬಂದಿತು, ಮತ್ತು ಈ ಎಗ್‌ಫ್ಲೈ ಬಹುಕಾಲ ಹುಲಿಯೊಡನೆ ಅದರ ಒಂದನೆಯ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ, ಇತ್ತು. ಆಗ ಅದನ್ನು ಬಲೆಯಲ್ಲಿ ಹಿಡಿದರೆ ಅಪರಾಧವಾಗಿತ್ತು, ಅದರ ಹುಳುವಿನ ಮೇವನ್ನು ಸುಟ್ಟರೆ ಒಕ್ಕಲುತನ. 2019ರಲ್ಲಿ ಗದಗದ ಕಪ್ಪತಗುಡ್ಡ ವನ್ಯಜೀವಿಧಾಮವಾದದ್ದು ಅಲ್ಲಿಯ ಗಿಡಮೂಲಿಕೆಗಳಿಗೂ ಅವನ್ನು ನಂಬಿದ ಚಿಟ್ಟೆಗಳಿಗೂ ದೊಡ್ಡ ಆಸರೆಯೇ, ಆದರೆ ಗೋಣಿಸೊಪ್ಪಿನ ಜಾಗ ಹೊಲ ಮತ್ತು ಹಿತ್ತಲು. ಸಾಲಿನ ನಡುವಿನ ಕಳೆಯನ್ನು ಸುಡಲು ರೈತರಿಗೆ ಕಾರಣವಿದೆ. ಬದುವಿಗೂ ಸಿಂಪಡಿಸುವುದಕ್ಕೆ ಪಂಪಿನಲ್ಲಿ ಔಷಧ ಉಳಿದಿದೆ ಎಂಬುದನ್ನು ಬಿಟ್ಟರೆ ಹೆಚ್ಚಿನ ಕಾರಣ ಕಾಣುವುದಿಲ್ಲ.