ಯು ಫೇಸ್ ಕೆಟ್ಟಿರಲಿಲ್ಲ: ಇನ್ವರ್ಟರ್ ಡಯೋಡ್ ಟೆಸ್ಟ್ ಟಿಪ್ಪಣಿ

ಇನ್ವರ್ಟರ್ ಅಂದ ತಕ್ಷಣ ಮನೆಯ ಯುಪಿಎಸ್ ನೆನಪಾಗುತ್ತದೆ ಅಲ್ವಾ? ಇದು ಅದಲ್ಲ. ಎಲೆಕ್ಟ್ರಿಕ್ ಗಾಡಿಯಲ್ಲಿ ಬ್ಯಾಟರಿಯ ಡಿಸಿಯನ್ನು ಮೋಟರ್‌ಗೆ ಬೇಕಾದ ಮೂರು ಫೇಸ್ ಎಸಿಯಾಗಿ ಮಾಡುವ ಡಬ್ಬ. ಸ್ಕೂಟರ್‌ನಲ್ಲಿ ಇದನ್ನೇ ಕಂಟ್ರೋಲರ್ ಅಂತೀವಿ. ಒಳಗೆ ಆರು ಸ್ವಿಚ್. ಯು, ವಿ, ಡಬ್ಲ್ಯೂ ಅನ್ನುವ ಮೂರು ಫೇಸ್ ಒಂದೊಂದಕ್ಕೂ ಮೇಲೊಂದು (ಪ್ಲಸ್ ಕಡೆ), ಕೆಳಗೊಂದು (ಮೈನಸ್ ಕಡೆ). ಪ್ರತಿ ಸ್ವಿಚ್ ಜೊತೆಗೂ ಒಂದು ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ. ಪ್ಲಸ್ ಮತ್ತು ಮೈನಸ್ ನಡುವೆ ದಪ್ಪ ಕೆಪಾಸಿಟರ್. ನನ್ನನ್ನು ಎರಡು ದಿನ ಕಾಡಿಸಿದ್ದು ಈ ಕೆಪಾಸಿಟರೇ.

ಮುಟ್ಟುವ ಮುಂಚೆ: ಕಾರಿನ ಬಸ್ (ಇನ್ವರ್ಟರಿನ ಪ್ಲಸ್-ಮೈನಸ್ ಡಿಸಿ ಲೈನ್) 350 ವೋಲ್ಟ್, ಕೆಪಾಸಿಟರ್ 500 ಮೈಕ್ರೋಫ್ಯಾರಡ್ ಅಂದುಕೊಳ್ಳಿ. ಅದರಲ್ಲಿ ಸುಮಾರು 30 ಜೂಲ್ ಕೂತಿರುತ್ತದೆ. ಸರ್ವಿಸ್ ಡಿಸ್ಕನೆಕ್ಟ್ (ಬ್ಯಾಟರಿ ಸಂಪರ್ಕ ಕಡಿಯುವ ಪ್ಲಗ್) ತೆಗೆದು, ಹೈ ವೋಲ್ಟೇಜ್ ಗ್ಲೌಸ್ ಹಾಕಿ, ಕಂಪನಿ ಹೇಳಿದಷ್ಟು ಹೊತ್ತು ಕಾದು, ಬಸ್‌ನಲ್ಲಿ ವೋಲ್ಟೇಜ್ ಇಲ್ಲ ಅಂತ ಅಳೆದು ನೋಡಿ. ಅಳೆಯುವ ಮುಂಚೆ ಮತ್ತು ಆಮೇಲೆ ಆ ಮೀಟರನ್ನು ಗೊತ್ತಿರುವ ಬ್ಯಾಟರಿ ಮೇಲೆ ಇಟ್ಟು ನೋಡಿ. ಕೆಟ್ಟ ಮೀಟರ್ ಕೂಡ ಸೊನ್ನೆಯನ್ನೇ ತೋರಿಸುತ್ತದೆ.

ಟೆಸ್ಟ್ ಸುಲಭ. ಫೇಸ್ ಕೇಬಲ್ ಬಿಚ್ಚಿ, ಮೀಟರ್ ಡಯೋಡ್ ಮೋಡ್‌ಗೆ ಹಾಕಿ. ಕೆಂಪು ಪ್ರೋಬ್ ಮೈನಸ್‌ಗೆ, ಕಪ್ಪು ಯು ಫೇಸ್‌ಗೆ: ಕೆಳಗಿನ ಡಯೋಡ್ 0.4 ವೋಲ್ಟ್ ಆಸುಪಾಸು ತೋರಿಸುತ್ತದೆ. ಕೆಂಪು ಯು ಫೇಸ್‌ಗೆ, ಕಪ್ಪು ಪ್ಲಸ್‌ಗೆ: ಮೇಲಿನ ಡಯೋಡ್, ಅದೂ ಹಾಗೇ. ವಿ, ಡಬ್ಲ್ಯೂ ಕೂಡ ಅಷ್ಟೇ. ಸೊನ್ನೆ ಬಂದರೆ ಸ್ವಿಚ್ ಶಾರ್ಟ್. ಸ್ವಿಚ್ ಸಿಲಿಕಾನ್ ಕಾರ್ಬೈಡ್‌ನದ್ದಾಗಿದ್ದರೆ ಅಂಕಿ ಜಾಸ್ತಿ ಬರುತ್ತದೆ, ಕೆಲವು ಮೀಟರ್‌ನಲ್ಲಿ ಓಎಲ್ (ಮೀಟರಿನ ಮಿತಿ ದಾಟಿತು ಅಂತ) ಕೂಡ. ಗಾಬರಿ ಬೇಡ, ಆರನ್ನೂ ಒಂದಕ್ಕೊಂದು ಹೋಲಿಸಿ.

ಈಗ ಪ್ರೋಬ್ ಉಲ್ಟಾ ಮಾಡಿ. ಕೆಂಪು ಯು ಫೇಸ್‌ಗೆ, ಕಪ್ಪು ಮೈನಸ್‌ಗೆ. ಓಎಲ್ ಬರಬೇಕು ಅಂತ ಓದಿದ್ದೆ. ನನಗೆ ಬಂದದ್ದು 0.4. ಆಮೇಲೆ 0.9, 1.6, ಹೀಗೆ ಏರುತ್ತಾ ಹೋಗಿ ಕೊನೆಗೆ ಓಎಲ್. ವಿ ಫೇಸ್ ನೋಡಿದೆ, ನೇರ ಓಎಲ್. ಡಬ್ಲ್ಯೂ ಕೂಡ ನೇರ ಓಎಲ್. ಸರಿ, ಯು ಫೇಸ್ ಲೀಕ್ ಆಗ್ತಿದೆ ಅಂತ ಬರೆದಿಟ್ಟು, ಬೋರ್ಡ್ ಬಿಚ್ಚೋಕೆ ಸ್ಕ್ರೂಡ್ರೈವರ್ ಎತ್ತಿಕೊಂಡೆ. ನಮ್ಮ ವರ್ಕ್‌ಶಾಪಿನ ಹಿರಿಯರು ನೋಡಿ, "ಲೋ, ಡಬ್ಲ್ಯೂ ಇಂದ ಶುರು ಮಾಡೋ" ಅಂದರು. ಕೆಪಾಸಿಟರ್ ಖಾಲಿ ಮಾಡಿ ಹಾಗೇ ಮಾಡಿದೆ. ಈ ಸಲ ಡಬ್ಲ್ಯೂ ಏರುತ್ತಾ ಹೋಯಿತು, ಯು ನೇರ ಓಎಲ್!

ಏನಾಯಿತು ನೋಡಿ. ಮೀಟರಿನ ಕರೆಂಟಿಗೆ ಕೆಳಗಿನ ಸ್ವಿಚ್ ಮುಚ್ಚಿದ ಬಾಗಿಲು. ಆದರೆ ಹಿಂಬಾಗಿಲು ಇದೆ: ಫೇಸ್‌ನಿಂದ ಮೇಲಿನ ಡಯೋಡ್, ಅಲ್ಲಿಂದ ಪ್ಲಸ್, ಅಲ್ಲಿಂದ ಕೆಪಾಸಿಟರ್ ಮೂಲಕ ಮೈನಸ್. ಖಾಲಿ ಕೆಪಾಸಿಟರ್ ಮೊದಲ ಕ್ಷಣದಲ್ಲಿ ಬರೀ ತಂತಿಯ ಹಾಗೆ. ಅದಕ್ಕೇ ಶುರುವಿನಲ್ಲಿ ಡಯೋಡಿನ 0.4 ಮಾತ್ರ ಕಾಣುತ್ತದೆ. ಮೀಟರ್ 1 ಮಿಲಿ ಆಂಪ್ ಕೊಟ್ಟರೆ 500 ಮೈಕ್ರೋಫ್ಯಾರಡ್ ಸೆಕೆಂಡಿಗೆ 2 ವೋಲ್ಟ್ ತುಂಬುತ್ತದೆ. ಒಂದೆರಡು ಸೆಕೆಂಡಿನಲ್ಲಿ ಮೀಟರಿನ ಮಿತಿ ದಾಟಿ ಓಎಲ್. ಕೆಪಾಸಿಟರ್ ಮೂರೂ ಫೇಸ್‌ಗೆ ಒಂದೇ. ಮೊದಲ ಫೇಸ್ ಅದನ್ನು ತುಂಬಿಸಿಬಿಟ್ಟಿದೆ, ಮುಂದಿನವಕ್ಕೆ ತುಂಬಿಸಲು ಏನೂ ಉಳಿದಿಲ್ಲ. ಪಾಪ, ಮೊದಲು ಯಾರನ್ನು ಮುಟ್ಟುತ್ತೀರೋ ಅವರೇ ಕಳ್ಳರು. ಅನುಮಾನ ಬಂದರೆ ಕ್ರಮ ಬದಲಿಸಿ. ಕ್ರಮದ ಜೊತೆ ದೋಷವೂ ಓಡಾಡಿದರೆ ಅದು ಕೆಪಾಸಿಟರ್. ಒಂದೇ ಫೇಸ್‌ನಲ್ಲಿ ನಿಂತರೆ ನಿಜವಾದ ಲೀಕ್.

ಕೇಬಲ್ ಯಾಕೆ ಬಿಚ್ಚಬೇಕು? ಮೋಟರ್ ವೈಂಡಿಂಗ್ ಮೀಟರಿಗೆ ತಂತಿ ಇದ್ದ ಹಾಗೆ. ಒಂದು ಸ್ವಿಚ್ ಶಾರ್ಟ್ ಆದರೂ ಮೂರೂ ಫೇಸ್ ಶಾರ್ಟ್ ತೋರಿಸುತ್ತವೆ. ಹಬ್ ಮೋಟರ್ (ಚಕ್ರದೊಳಗೇ ಮೋಟರ್ ಇರುವ) ಸ್ಕೂಟರ್‌ನಲ್ಲಿ ನನ್ನ ಇಷ್ಟದ ಅಡ್ಡದಾರಿ: ಗಾಡಿ ಆಫ್ ಇದ್ದಾಗ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಬಿಗಿಯಾಗಿ ತಡೆದು ತಡೆದು ತಿರುಗುತ್ತಿದ್ದರೆ ಮೂರು ಫೇಸ್ ವೈರ್ ಬಿಚ್ಚಿ, ಬೇರೆ ಬೇರೆ ಇಟ್ಟು, ಮತ್ತೆ ತಿರುಗಿಸಿ. ಸಲೀಸಾದರೆ ಕಂಟ್ರೋಲರ್ ಶಾರ್ಟ್. ಹಾಗೇ ಬಿಗಿ ಇದ್ದರೆ ಮೋಟರ್ ಅಥವಾ ಬ್ರೇಕ್ ಕಡೆ ನೋಡಿ.

ಸ್ವಿಚ್ ಬದಲಿಸುವಾಗ ಸತ್ತದ್ದನ್ನು ಮಾತ್ರ ತೆಗೆಯಬೇಡಿ. ಅದರ ಜೊತೆ ಪ್ಯಾರಲಲ್ ಇರುವವೂ ಪೆಟ್ಟು ತಿಂದಿರುತ್ತವೆ. ಟೆಸ್ಲಾ ಮಾಡೆಲ್ 3 ರಲ್ಲಿ ಒಂದೊಂದು ಸ್ವಿಚ್‌ಗೆ ನಾಲ್ಕು ಮಾಡ್ಯೂಲ್, ಒಟ್ಟು 24. ಸ್ವಿಚ್‌ಗೆ ಆನ್-ಆಫ್ ಸಿಗ್ನಲ್ ಕೊಡುವ ಗೇಟ್ ಡ್ರೈವರ್, ಆ ದಾರಿಯಲ್ಲಿರುವ ಗೇಟ್ ರೆಸಿಸ್ಟರ್ ಕೂಡ ಅಳೆದು, ಚೆನ್ನಾಗಿರುವ ಫೇಸ್ ಜೊತೆ ಹೋಲಿಸಿ. ಡ್ರೈವರ್ ಸತ್ತಿದ್ದರೆ ಹೊಸ ಸ್ವಿಚ್ ಕೂಡ ಮೊದಲ ಸಲವೇ ಢಂ.

ಮೊದಲ ಪವರ್ ಬ್ಯಾಟರಿಯಿಂದ ಬೇಡ. 60 ವೋಲ್ಟ್ ಬೆಂಚ್ ಸಪ್ಲೈ, ಸೀರೀಸ್‌ನಲ್ಲಿ 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್. ಮಿಣುಕಿ ಆರಿದರೆ ಕೆಪಾಸಿಟರ್ ತುಂಬಿತು ಅಂತ. ಮಂದವಾಗಿ ಉರಿಯುತ್ತಲೇ ಇದ್ದರೆ ಸಪ್ಲೈ ಆಫ್ ಮಾಡಿ, ಮತ್ತೆ ಮೀಟರ್ ತೆಗೆದುಕೊಳ್ಳಿ.